ಕೆರೆಯ ನಡುವಿನ ದಿಬ್ಬ

ನಿಮ್ಮ ಕಡೆ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದರೆ ಬರೀ ಬಿಸಿಲು ಮತ್ತು ಎರೆಮಣ್ಣು ಎಂದು ತೀರ್ಮಾನ ಮಾಡಿಕೊಂಡೇ ಬಂದವರ ಪ್ರಶ್ನೆ ಅದು. ಸಿಟ್ಟು ಇಳಿದ ಮೇಲೆ ಬೆರಳು ಮಡಚಿ ಹೇಳುತ್ತೇನೆ. ಕೊಲ್ಹಾರಕ್ಕೆ ಹೋಗಿ ಸಂಜೆ ಕೃಷ್ಣೆಯ ದಂಡೆಯ ಮೇಲೆ ನಿಲ್ಲಿರಿ. ಇಂಡಿ ಕಡೆ ಭೀಮೆಯ ಮಳಲಿನಲ್ಲಿ ಬರಿಗಾಲಲ್ಲಿ ನಡೆಯಿರಿ. ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೂವಿನ ಹಿಪ್ಪರಗಿಯ ಹೊಲ ನೋಡಿರಿ. ಆಮೇಲೂ ಒಂದು ಬೆರಳು ಉಳಿಯುತ್ತದೆ. ಅದು ನಮ್ಮೂರ ಕೆರೆ. ಅದನ್ನು ನಾನು ಹೇಳುವುದಿಲ್ಲ. ಹೇಳದಿದ್ದರೂ ಜನ ಹೋಗುತ್ತಾರೆ. ಕೆರೆಯ ನಡುವೆ ಒಂದು ದಿಬ್ಬ ಇದೆ, ಅದರ ಮೇಲೆ ಜಾಲಿ ಬೆಳೆದಿದೆ, ಬೆಳ್ಳಕ್ಕಿಗಳು ಬಂದು ಕೂಡುತ್ತವೆ. ನೋಡಲಿಕ್ಕೆ ಛಲೋ ಕಾಣುತ್ತದೆ, ಅದನ್ನು ನಾನೂ ಒಪ್ಪುತ್ತೇನೆ.

ನಾನು ಹೊಳೆಯ ದಂಡೆಯಲ್ಲಿ ಹುಟ್ಟಿದವಳು. ಕೊಲ್ಹಾರದಲ್ಲಿ ನಮ್ಮಪ್ಪನ ಮನೆಯಿಂದ ಮೂರು ಓಣಿ ಇಳಿದರೆ ಕೃಷ್ಣೆ. ಆಗ ಹೊಳೆ ಈಗಿನ ಹಾಗೆ ಊರೂರು ನುಂಗಿ ಹರಡಿಕೊಂಡಿರಲಿಲ್ಲ, ತನ್ನ ಪಾತ್ರದಲ್ಲಿ ತಾನು ಹರಿಯುತ್ತಿತ್ತು. ಸಂಕ್ರಾಂತಿಗೆ ಎಲ್ಲೆಲ್ಲಿಂದಲೋ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಎಳ್ಳು ಹಚ್ಚಿಕೊಂಡು ಜಳಕ ಮಾಡಿ, ಮಳಲಿನ ಮೇಲೆ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಎರೆಸೀಮೆಯ ಹೆಂಗಸರು ಮೊಳಕಾಲು ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಚೀರುವುದನ್ನು ನೋಡಿ ನಾವು ಊರಿನ ಹುಡುಗಿಯರು ನಗುತ್ತಿದ್ದೆವು. ನಾನು ಹತ್ತು ವರ್ಷಕ್ಕೇ ಈಸು ಕಲಿತಿದ್ದೆ. ನೀರೆಂದರೆ ನನಗೆ ಅಂಗಳ ಇದ್ದ ಹಾಗೆ.

ಅಂಥವಳನ್ನು ಸಿಂದಗಿ ತಾಲೂಕಿಗೆ ಕೊಟ್ಟರು. ಯಂಕಂಚಿ ದಾಟಿ ಒಳಗೆ ಹೋಗಬೇಕು ಆ ಊರಿಗೆ. ಒಂದು ಕೊಡ ನೀರು ತರುವುದರಲ್ಲಿ ಅರ್ಧ ಮುಂಜಾನೆ ಕಳೆಯುತ್ತಿತ್ತು. ಬಂದ ಹೊಸತರಲ್ಲಿ ಅತ್ತೆಯನ್ನು ಕೇಳಿದೆ, "ಇಲ್ಲಿ ಸಂಜಿ ಮುಂದ ಹೋಗಿ ಕುಂದರಾಕ ಎಲ್ಲೆರ ಜಾಗಾ ಐತೇನ್ರಿ?"

"ಕುಂದರೂದಿದ್ರ ನಿಮ್ಮಪ್ಪನ ಮನ್ಯಾಗ ಕುಂದರಬೇಕಿತ್ತು," ಎಂದರು ಅತ್ತೆ.

ಎರಡು ವರ್ಷದ ಮೇಲೆ ನನ್ನ ಮೈದುನನ ಮದುವೆಯಾಯಿತು. ಹಿಪ್ಪರಗಿಯಿಂದ ನೆಗೆಣ್ಣಿ ಬಂದಳು. ನನಗಿಂತ ಮೂರು ವರ್ಷ ಸಣ್ಣವಳು, ಕಡ್ಡಿಯಂಥ ಮೈ, ಮಾತು ಕಡಿಮೆ. ಬೀಸುಕಲ್ಲಿನ ಮುಂದೆ ಎದುರಾಬದುರು ಕುಳಿತಾಗ ನಾನು ಅವಳಿಗೆ ನನ್ನ ಹೊಳೆಯ ಕತೆ ಹೇಳುತ್ತಿದ್ದೆ. ಅವಳು ದೊಡ್ಡ ನೀರು ಎಂದು ನೋಡಿದ್ದೇ ಇಲ್ಲ. "ಅಷ್ಟ ನೀರ ಒಂದಸಲ ನೋಡಬೇಕಕ್ಕಾ," ಎನ್ನುತ್ತಿದ್ದಳು. ಮುಂದಿನ ಸಂಕ್ರಾಂತಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಒಂದು ಸಂಕ್ರಾಂತಿಗೆ ನಾನು ಮೂರು ತಿಂಗಳ ಬಸುರಿ. ಅದರ ಮುಂದಿನದಕ್ಕೆ ಅವಳು ದಿನ ತುಂಬಿದ ಬಸುರಿ. ಅಷ್ಟರಲ್ಲಿ ಎಪ್ಪತ್ತೆರಡರ ಬರ ಬಂದು ಕುಳಿತಿತ್ತು.

ಆ ಬರವನ್ನು ಕಂಡವರಿಗೆ ನಾನು ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೆ ಬಣ್ಣ ಹಚ್ಚುತ್ತಾಳೆ ಅನ್ನುತ್ತಾರೆ. ಇಷ್ಟು ಸಾಕು: ಊರಿಗೆ ಊರೇ ಕೆರೆ ಅಗೆಯಲು ಹೋಯಿತು. ಹೊಲ ಇದ್ದವರು, ಇಲ್ಲದವರು, ಎಂದೂ ಹೊಸ್ತಿಲು ದಾಟದ ಗೌಡರ ಮನೆಯ ಸೊಸೆಯರು, ಎಲ್ಲರೂ. ಸರಕಾರ ವಾರಕ್ಕೊಮ್ಮೆ ಕೆಂಪು ಜೋಳ ಅಳೆದು ಕೊಡುತ್ತಿತ್ತು. ಹಡಗಿನಲ್ಲಿ ಬಂದದ್ದಂತೆ ಅದು. ರೊಟ್ಟಿ ತಟ್ಟಿದರೆ ಹರಿಯುತ್ತಿತ್ತು, ಕುದಿಸಿದರೆ ಮುಗ್ಗಿನ ವಾಸನೆ. ಆದರೂ ಆ ಜೋಳದಿಂದಲೇ ನಾವು ಉಳಿದೆವು.

ಊರಿನಿಂದ ಒಂದು ಹರದಾರಿ ದೂರದ ತಗ್ಗಿನಲ್ಲಿ ಕೆಲಸ. ಗಂಡಸರು ಗುದ್ದಲಿ ಹಾಕಿದರೆ ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿಗೆ ಸುರಿಯಬೇಕು. ಒಂದೊಂದು ಗ್ಯಾಂಗಿಗೆ ಒಂದೊಂದು ಕುಣಿ. ಎಷ್ಟು ಆಳ ಅಗೆದಿದ್ದಾರೆಂದು ಅಳೆಯಲು ಕುಣಿಯ ನಡುವೆ ಸ್ವಲ್ಪ ನೆಲವನ್ನು ಕಡಿಯದೆ ಹಾಗೇ ಬಿಡುತ್ತಿದ್ದರು. ಸುತ್ತಲೂ ತಗ್ಗಾದಂತೆ ಅದು ಕಂಬದಂತೆ ಎತ್ತರ ಕಾಣುತ್ತಿತ್ತು. ಮಾಪಿನ ದಿಬ್ಬ ಎನ್ನುತ್ತಿದ್ದೆವು. ಓವರಸಿಯರ್ ಬಂದು ಅದರ ನೆತ್ತಿಯಿಂದ ಬುಡದವರೆಗೆ ಟೇಪು ಹಿಡಿದು ಅಳತೆ ಬರೆದುಕೊಂಡ ಮೇಲೆ ಅದನ್ನೂ ಕಡಿದು ಹಾಕಬೇಕು. ನಮ್ಮದು ಎರಡು ಗ್ಯಾಂಗಿಗೆ ಕೂಡಿ ಬಿಟ್ಟ ದಿಬ್ಬ. ಹಾಗಾಗಿ ಚಕ್ಕಡಿಯಷ್ಟು ಅಗಲವಿತ್ತು, ಆಳಿನ ಎತ್ತರ ದಾಟಿತ್ತು. ಓವರಸಿಯರ್ ಬರುತ್ತೇನೆ ಬರುತ್ತೇನೆ ಎಂದು ಮೂರು ವಾರ ಬಂದಿರಲಿಲ್ಲ.

ದಿಬ್ಬದ ವಿಷಯದಲ್ಲಿ ಎಲ್ಲ ಗ್ಯಾಂಗಿನವರೂ ಮಾಡುತ್ತಿದ್ದ ಒಂದು ಕಿತಾಪತಿ ಇತ್ತು. ಸಂಜೆ ಹೋಗುವ ಮುಂದೆ ಅದರ ನೆತ್ತಿಗೆ ಹಸಿ ಮಣ್ಣು ಮೆತ್ತಿ, ಮೇಲೆ ಒಣ ಕರಿಕೆ ಹುಲ್ಲು ಹಿಡಿದ ಮಣ್ಣಿನ ಹೆಂಟೆ ಇಟ್ಟು, ಮೊದಲಿನಿಂದಲೂ ಹಾಗೇ ಇದ್ದಂತೆ ಕಾಣಿಸುವುದು. ದಿಬ್ಬ ಒಂದು ಮೊಳ ಎತ್ತರವಾದರೆ ಕುಣಿ ಒಂದು ಮೊಳ ಆಳವಾದ ಲೆಕ್ಕ. ನಮ್ಮ ಗ್ಯಾಂಗಿನಲ್ಲಿ ಆ ಕೈಚಳಕ ನನ್ನ ಮೈದುನನದು. ಕುಡಿಯಲು ತಂದು ಉಳಿದ ನೀರಿನಲ್ಲಿ ಮಣ್ಣು ಕಲಸಿ ಎಷ್ಟು ನಾಜೂಕಾಗಿ ಮೆತ್ತುತ್ತಿದ್ದನೆಂದರೆ ನಮಗೇ ಗುರುತು ಸಿಗುತ್ತಿರಲಿಲ್ಲ. ಇತ್ತ ಬುಡದಲ್ಲಿ ನಾವೆಲ್ಲರೂ ಮಣ್ಣು ಕೆದರುತ್ತಿದ್ದೆವು. ಒಣಗಿ ಬಿರಿದ ಎರೆ ಅದು, ಕೈಯಿಂದಲೇ ಕಿತ್ತು ಬರುತ್ತಿತ್ತು. ನಾನೂ ಎಷ್ಟು ಬುಟ್ಟಿ ಹೊತ್ತಿದ್ದೇನೋ ಅಲ್ಲಿಂದ. ಎರೆಮಣ್ಣಿನಲ್ಲೇ ಹುಟ್ಟಿ ಬೆಳೆದವರು ಅವರೆಲ್ಲ. ಒಣಗಿದ ಎರೆ ಬಿರಿಯುತ್ತದೆ, ಬಿರಿದದ್ದು ಬೀಳುತ್ತದೆ ಎಂದು ಅವರಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಬಾವಿಯ ದಂಡೆ ಬೀಳುತ್ತದೆ ಎಂದು ಹೆದರುವ ಜನಕ್ಕೆ ತಾವೇ ಬಿಟ್ಟ ದಿಬ್ಬದ ಹೆದರಿಕೆ ಇರಲಿಲ್ಲ.

ಆ ಬಟ್ಟಬಯಲಿನಲ್ಲಿ ಒಂದು ಗಿಡ ಇರಲಿಲ್ಲ. ನೆರಳು ಅಂತ ಇದ್ದದ್ದು ಆ ದಿಬ್ಬದ್ದೊಂದೇ. ಗ್ಯಾಂಗಿನಲ್ಲಿ ಹಾಲು ಕುಡಿಯುವ ಕೂಸು ಇದ್ದವರು ನಾನು ಮತ್ತು ನನ್ನ ನೆಗೆಣ್ಣಿ. ನನ್ನ ಮಗಳಿಗೆ ಹತ್ತು ತಿಂಗಳು, ಅವಳ ಮಗನಿಗೆ ನಾಲ್ಕು. ಒಂದೇ ಕೌದಿ ಹಾಸಿ ಇಬ್ಬರನ್ನೂ ನೆರಳಿಗೆ ಮಲಗಿಸುತ್ತಿದ್ದೆವು. ಮುಂಜಾನೆ ನೆರಳು ಪಡುವಣಕ್ಕೆ ಬೀಳುತ್ತದೆ. ಹೊತ್ತು ನೆತ್ತಿ ದಾಟಿದ ಮೇಲೆ ಮೂಡಣಕ್ಕೆ ಹೊರಳುತ್ತದೆ. ಆಗ ಕೂಸುಗಳನ್ನು ಎತ್ತಿ ದಿಬ್ಬದ ಆಚೆ ಬದಿಗೆ ಸಾಗಿಸಬೇಕು. ಒಂದು ದಿನ ನಾನು, ಒಂದು ದಿನ ಅವಳು ಕೂಸುಗಳ ಹತ್ತಿರ ಕೂಡುವುದೆಂದು ಪಾಳಿ ಮಾಡಿಕೊಂಡಿದ್ದೆವು. ಕೂತವಳು ಬುಟ್ಟಿ ತುಂಬಿಕೊಡಬೇಕು, ಹೊರುವುದು ಬೇಡ. ಗ್ಯಾಂಗಿನ ಮುಕಾದಮ ಗೊಣಗಿಕೊಂಡೇ ಒಪ್ಪಿದ್ದ.

ಆ ದಿನ ಕೂಡುವ ಪಾಳಿ ಅವಳದು. ವಾರಗಟ್ಟಲೆ ಹೊತ್ತೂ ಹೊತ್ತೂ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು, ಹೊರಳಿಸಲು ಬರುತ್ತಿರಲಿಲ್ಲ. ಇವತ್ತು ನಾನು ಕೂಡುತ್ತೇನೆ ಎಂದು ಬಾಯಿಬಿಟ್ಟು ಕೇಳಿದೆ. ಅವಳು ಸಿಂಬಿ ಸುತ್ತಿ ತಲೆಗಿಟ್ಟುಕೊಂಡೇ ಬಿಟ್ಟಳು.

"ಇವತ್ತ ನೀ ಕುಂದ್ರಕ್ಕಾ. ನಾಳಿ ನಾ ಕುಂದರ್ತೇನಿ."

ಮಧ್ಯಾಹ್ನ ಬಿಸಿಲು ಕೌದಿಯ ಅಂಚಿಗೆ ಬಂತು. ಎರಡೂ ಕೂಸು ನಿದ್ದೆಯಲ್ಲಿದ್ದವು. ನಾನು ಬಗ್ಗಿ ನನ್ನ ಮಗಳನ್ನು ಎತ್ತಿಕೊಂಡೆ. ಯಾವುದನ್ನು ಮೊದಲು ಎತ್ತಲಿ ಎಂದು ನಾನು ವಿಚಾರ ಮಾಡಲಿಲ್ಲ, ದೇವರಾಣೆ ಮಾಡಲಿಲ್ಲ. ಕೈ ತಾನೇ ಹೋಯಿತು. ದಿಬ್ಬ ಸುತ್ತಿ ಆಚೆ ಬದಿಗೆ ಬಂದು ಅವಳನ್ನು ಮಲಗಿಸುವಾಗ ಎಚ್ಚರಾಗಿ ಕುಂಯ್‌ಗುಟ್ಟಿದಳು. ಅತ್ತರೆ ಆಚೆಯ ಕೂಸೂ ಎದ್ದೀತೆಂದು ಎರಡು ಗುಟುಕು ಹಾಲು ಕುಡಿಸಿದೆ. ಎರಡೇ ಗುಟುಕು. ಅಷ್ಟರಲ್ಲಿ ಜೋಳದ ಚೀಲ ಕೆಳಗೆ ಒಗೆದ ಹಾಗೆ ಸದ್ದಾಯಿತು. ನೆತ್ತಿಯ ಮೇಲೆ ಧೂಳು ಬಂತು. ದಿಬ್ಬದ ಪಡುವಣದ ಅರ್ಧ ಅಲ್ಲಿರಲಿಲ್ಲ.

ಎಲ್ಲರೂ ಕೈಯಿಂದಲೇ ತೋಡಿದರು. ಗುದ್ದಲಿ ಹಾಕಲು ಯಾರಿಗೂ ಧೈರ್ಯ ಇರಲಿಲ್ಲ, ಕೂಸಿಗೆ ತಾಕೀತೆಂದು. ಮೊದಲು ಸಿಕ್ಕಿದ್ದು ಮೇಲೆ ಮೆತ್ತಿದ್ದ ಕರಿಕೆಯ ಹೆಂಟೆ. ಹಿಂದಿನ ಸಂಜೆ ಮೈದುನ ಇಟ್ಟದ್ದು. ಅವನು ಅದನ್ನು ಕೈಯಲ್ಲಿ ಹಿಡಿದು ನೋಡಿದ, ಬದಿಗೆ ಇಟ್ಟ, ಮತ್ತೆ ತೋಡಿದ. ಮಗುವನ್ನು ಹೊರಗೆ ತೆಗೆದವನೂ ಅವನೇ. ಮೈಗೆ ಗಾಯವಿರಲಿಲ್ಲ. ಮೂಗು ಬಾಯಿಯ ತುಂಬ ಮಣ್ಣು.

ನೆಗೆಣ್ಣಿ ಏರಿಯ ಮೇಲಿಂದ ಇಳಿದು ಬಂದಾಗ ಸಿಂಬಿ ಇನ್ನೂ ಅವಳ ತಲೆಯ ಮೇಲೇ ಇತ್ತು. ಅವಳು ನನ್ನನ್ನು ಒಂದೇ ಮಾತು ಕೇಳಿದಳು.

"ಎದ್ದಿತ್ತೇನಕ್ಕಾ, ಮಲಗಿತ್ತೇನ?"

"ಮಲಗಿತ್ತವ್ವಾ," ಎಂದೆ. ಅದು ಖರೇ ಮಾತು. ಆ ದಿನ ನಾನು ಆಡಲು ಸಾಧ್ಯವಿದ್ದ ಖರೇ ಮಾತು ಅದೊಂದೇ ಇತ್ತು.

ಹಲ್ಲು ಬಾರದ ಕೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಊರ ಹೊಲಕ್ಕೆ ಒಯ್ಯೋಣ ಎಂದು ಹಿರಿಯರು ಅಂದರು. ಅವಳು ಬಿಡಲಿಲ್ಲ. ಅಲ್ಲೇ, ಉಳಿದ ಅರ್ಧ ದಿಬ್ಬದ ಬುಡದಲ್ಲಿ ಹೂಳಿದರು. ಬಿದ್ದ ಮಣ್ಣನ್ನೆಲ್ಲ ಮೇಲೆಳೆದರು. ಮರುದಿನ ಎಲ್ಲರೂ ಮತ್ತೆ ಕೆಲಸಕ್ಕೆ ಹೋದೆವು. ಹೋಗದಿದ್ದರೆ ಜೋಳ ಎಲ್ಲಿಂದ ಬರಬೇಕು? ನಾನೂ ಹೋದೆ, ಮಗಳನ್ನು ಬೆನ್ನಿಗೆ ಕಟ್ಟಿಕೊಂಡು. ನೆಗೆಣ್ಣಿಯೂ ಬಂದಳು. ನಾಳೆ ಕೂಡುತ್ತೇನೆ ಎಂದವಳಿಗೆ ಕೂಡಲು ಕಾರಣ ಉಳಿದಿರಲಿಲ್ಲ, ಬುಟ್ಟಿ ಹೊತ್ತಳು.

ಓವರಸಿಯರ್ ನಾಲ್ಕು ದಿನದ ಮೇಲೆ ಬಂದ. ಮೈಸೂರು ಕಡೆಯ ಹುಡುಗ, ಹೊಸದಾಗಿ ನೌಕರಿಗೆ ಸೇರಿದವನು, ನಮ್ಮ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು. ಕುಣಿ ಅಳೆದ. ದಿಬ್ಬ ತೋರಿಸಿ, "ಇದನ್ನು ತೆಗೆದು ಸಮ ಮಾಡಿ. ಇಲ್ಲದಿದ್ದರೆ ಕೆಲಸ ಮುಗೀತು ಅಂತ ಬರೆಯೋಕಾಗಲ್ಲ," ಎಂದ. ಕೆಲಸ ಮುಗಿಯಿತೆಂದು ಬರೆಯದಿದ್ದರೆ ಎರಡೂ ಗ್ಯಾಂಗಿಗೆ ಆ ವಾರದ ಜೋಳವಿಲ್ಲ. ನೆಗೆಣ್ಣಿ ಬುಟ್ಟಿ ಕೆಳಗಿಟ್ಟಳು. ಹೋಗಿ ಆ ಮಣ್ಣಿನ ಮೇಲೆ ಕುಳಿತಳು. ಅದೇ ಕೌದಿ ಹಾಸಿಕೊಂಡು.

ಜನ ಕೆಟ್ಟವರಾಗಿರಲಿಲ್ಲ. ಆದರೆ ಎಲ್ಲರ ಮನೆಯಲ್ಲೂ ಬಾಯಿಗಳಿದ್ದವು. ಮೊದಲ ದಿನ ತಡೆದುಕೊಂಡರು. ಎರಡನೆಯ ದಿನ ಒಬ್ಬಾಕೆ, "ಹೋದದ್ದ ಹೋತು, ಇದ್ದವರನ್ನೂ ಕೊಲ್ಲತಾಳೇನ?" ಎಂದಳು. ಅವಳು ಅಂದದ್ದು ನನ್ನ ಕಡೆ ನೋಡಿ. ಮನೆಯ ಹಿರಿಸೊಸೆ ನಾನು, ಎಬ್ಬಿಸಿಕೊಂಡು ಬಾ ಎಂಬುದು ಅದರ ಅರ್ಥ. ನಾನು ಎಬ್ಬಿಸಲಿಲ್ಲ. ಎಬ್ಬಿಸಬೇಡಿರಿ ಎಂದು ಜನರಿಗೂ ಹೇಳಲಿಲ್ಲ. ಜೋಳದ ಸಂಗಟಿ ಒಯ್ದು ಅವಳ ಮುಂದಿಟ್ಟು ಬಂದೆ. ನನಗೆ ನನ್ನ ಪಾಲಿನ ಜೋಳವೂ ಬೇಕಾಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗಲಿ.

ಮೂರನೆಯ ದಿನ ಓವರಸಿಯರ್ ಮತ್ತೆ ಬಂದ. ಅಷ್ಟರಲ್ಲಿ ಯಾರೋ ಅವನಿಗೆ ಎಲ್ಲ ಹೇಳಿದ್ದರು. ಕಬ್ಬಿಣದ ಹಾರೆ ತರಿಸಿದ. ನೆಗೆಣ್ಣಿಯಿಂದ ಒಂದು ಮಾರು ದೂರದಲ್ಲಿ ಅದನ್ನು ಮಣ್ಣಿಗೆ ಊರಿದ. ಹಾರೆ ಒಂದಿಷ್ಟೂ ಸದ್ದಿಲ್ಲದೆ ಮೆತ್ತಗೆ ಮೊಳದಷ್ಟು ಇಳಿಯಿತು. ಅರವತ್ತು ಜನ ನೋಡುತ್ತ ನಿಂತಿದ್ದೆವು.

"ಇಲ್ಲಿ ಬಂಡೆ ಇದೆ. ಕಡಿಯೋಕಾಗಲ್ಲ, ಬಿಡಿ," ಎಂದ ಓವರಸಿಯರ್.

ಹಾಗೆಯೇ ಬರೆದುಕೊಂಡ. ಒಂದು ಸಲ ಹೊಡೆದುಹಾಕಿ ಮತ್ತೆ ಬರೆದ, ಸುಳ್ಳು ಬರೆದು ರೂಢಿ ಇರಲಿಲ್ಲವೇನೋ. ಮುಕಾದಮ, "ಹೌದ್ರಿ ಸಾಹೇಬ್ರ, ಬಂಡಿ ಐತ್ರಿ," ಎಂದ. ಅರವತ್ತೂ ಜನ ಹೌದೆಂದೆವು. ಆ ಹುಡುಗನ ಹೆಸರು ಕೂಡ ನಾವು ಕೇಳಲಿಲ್ಲ.

ಮಳೆ ಬಂತು. ಎರಡು ವರ್ಷಕ್ಕೆ ಕೆರೆ ತುಂಬಿತು. ನಡುವೆ ದಿಬ್ಬ ನಿಂತಿತು. ಹಕ್ಕಿಗಳು ಎಲ್ಲಿಂದ ಸುದ್ದಿ ತಿಳಿದು ಬಂದವೋ, ಮನುಷ್ಯರಿಗಿಂತ ಮೊದಲು ಬಂದವು. ಆಮೇಲೆ ಮನುಷ್ಯರು. ಸಿಂದಗಿಯಿಂದ ಸೈಕಲ್ ಹೊಡೆದುಕೊಂಡು ಮಾಸ್ತರರು, ಹೊಸದಾಗಿ ಮದುವೆಯಾದವರು, ಕ್ಯಾಮೆರಾ ಹಿಡಿದುಕೊಂಡ ಒಬ್ಬ ಡಾಕ್ಟರರು. ಕೊಲ್ಹಾರಕ್ಕೆ ಹೋಗುತ್ತಿದ್ದ ಚಕ್ಕಡಿಗಳು ಸಂಕ್ರಾಂತಿಗೆ ನಮ್ಮ ಕೆರೆಗೇ ಬರತೊಡಗಿದವು. ಸಂಜೆ ಹೋಗಿ ಕೂಡಲು ನಾನು ಅತ್ತೆಯನ್ನು ಕೇಳಿದ್ದ ಜಾಗ ಕಡೆಗೂ ಊರಿಗೆ ಸಿಕ್ಕಿತ್ತು. ವರ್ಷಗಟ್ಟಲೆ ನಾನು ಒಂದು ಸಲವೂ ಹೋಗಿ ಕೂಡಲಿಲ್ಲ.

ಮೈದುನ ಬರ ಮುಗಿದ ಮೇಲೆ ಗುದ್ದಲಿ ಮುಟ್ಟಲಿಲ್ಲ. ಗೋವಾಕ್ಕೆ ದುಡಿಯಲು ಹೋದ. ಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಕಾಗದ ಬರುತ್ತಿತ್ತು, ಆಮೇಲೆ ಅದೂ ಇಲ್ಲ. ನೆಗೆಣ್ಣಿ ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಒಂದೇ ಒಲೆಯ ಮುಂದೆ ಆರು ವರ್ಷ ನಾವಿಬ್ಬರೂ ರೊಟ್ಟಿ ಬಡಿದೆವು. ಆ ದಿನದ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಯಾವ ಕೂಸನ್ನು ಮೊದಲು ಎತ್ತಿದೆ ಎಂದು ಅವಳು ಕೇಳಿಯಾಳು ಎಂದು ನಾನು ದಿನಾ ಕಾಯುತ್ತಿದ್ದೆ. ಕೇಳಿದ್ದರೆ ಕಾಲು ಹಿಡಿಯುತ್ತಿದ್ದೆ. ಅವಳು ನನ್ನ ಮಗಳ ತಲೆ ಬಾಚುತ್ತಿದ್ದಳು, ಸಾಲಿಗೆ ಕಳಿಸುತ್ತಿದ್ದಳು, ಹುಡುಗಿ ಅವಳ ಮಗ್ಗುಲಲ್ಲೇ ಮಲಗುತ್ತಿದ್ದಳು. ನಾನು ಅದನ್ನೆಲ್ಲ ಬಿಟ್ಟುಕೊಟ್ಟಿದ್ದೆ. ಹೊಟ್ಟೆಕಿಚ್ಚಾದರೂ ನುಂಗಿಕೊಳ್ಳುತ್ತಿದ್ದೆ.

ಮಗಳು ಎರಡನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ಮಕ್ಕಳನ್ನು ಕೆರೆ ನೋಡಲು ಕರೆದುಕೊಂಡು ಹೋದರು. ಬಂದವಳೇ, "ಯವ್ವಾ, ಕೆರಿ ನಡುವ ಬಂಡಿಗಲ್ಲ ಐತಂತ. ಮನಷ್ಯಾರ ಮಾಡಿದ್ದಲ್ಲಂತ, ದೇವರ ಇಟ್ಟದ್ದಂತ," ಎಂದಳು. ನೆಗೆಣ್ಣಿ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಆ ಸಂಕ್ರಾಂತಿಗೆ ಕೆರೆಗೇ ಹೋಗಬೇಕೆಂದು ಹುಡುಗಿ ಹಟ ಹಿಡಿದಳು. ಚಿಗವ್ವ ಬರದಿದ್ದರೆ ತಾನು ಉಣ್ಣುವುದಿಲ್ಲ ಎಂದು ಕೂತಳು. ನೆಗೆಣ್ಣಿ ಎದ್ದು ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿದಳು.

ಹಬ್ಬದ ದಿನ ಕೆರೆಯ ದಂಡೆ ಜಾತ್ರೆಯಾಗಿತ್ತು. ನೀರು ಇಳಿದಿತ್ತು. ದೊಡ್ಡ ಹುಡುಗರು ದಿಬ್ಬದ ಕಡೆಗೆ ನಡೆದೇ ಹೋಗಿ ಬರುತ್ತಿದ್ದರು. ನಾನು ಮೊಸರಿನ ಗಡಿಗೆ ತರಲು ಏರಿಯ ಮೇಲೆ ನಿಲ್ಲಿಸಿದ್ದ ಚಕ್ಕಡಿಗೆ ಹತ್ತಿದ್ದೆ. ಹೊರಳಿ ನೋಡಿದರೆ ನನ್ನ ಮಗಳು ಆ ಹುಡುಗರ ಹಿಂದೆ ನೀರಿನಲ್ಲಿದ್ದಳು. ನೋಡುತ್ತಿದ್ದಂತೆ ತಲೆ ಕಾಣದಾಯಿತು. ನೀರಿನ ಕೆಳಗೆ ನಮ್ಮ ಹಳೆಯ ಕುಣಿಗಳು ಹಾಗೇ ಇದ್ದವು. ಒಂದು ಹೆಜ್ಜೆ ಮೊಳಕಾಲು ನೀರು, ಮುಂದಿನ ಹೆಜ್ಜೆ ಆಳುದ್ದ.

ನಾನು ಗಡಿಗೆ ಒಗೆದು ಓಡಿದೆ. ಈಸು ಬರುವವಳು ನಾನು. ಆದರೆ ನಾನು ದಂಡೆ ಮುಟ್ಟುವುದರೊಳಗೆ ನೆಗೆಣ್ಣಿ ನೀರಿಗಿಳಿದಾಗಿತ್ತು. ಕೊಡಕ್ಕಿಂತ ದೊಡ್ಡ ನೀರಿನಲ್ಲಿ ಎಂದೂ ಕೈಯಿಡದವಳು ನೆಟ್ಟಗೆ ಹೋಗಲಿಲ್ಲ, ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ತಿರುಗಿ ಹತ್ತು ಹೆಜ್ಜೆ ಹಾಕಿಕೊಂಡು ಹೋದಳು. ಕುಣಿ ಕುಣಿಗಳ ನಡುವೆ ಬಿಟ್ಟಿದ್ದ ಬದುವಿನ ಮೇಲೆ ನಡೆಯುತ್ತಿದ್ದಳು. ಮಣ್ಣು ಹೊತ್ತು ದಿನಕ್ಕೆ ನೂರು ಸಲ ತಿರುಗಾಡಿದ ದಾರಿ ಅದು. ಈಸು ಬರದಿದ್ದರೂ ಆ ಕೆರೆಯ ತಳ ಅವಳಿಗೆ ಬಾಯಿಪಾಠವಿತ್ತು. ಬದುವಿನ ಮೇಲೆ ನಿಂತು, ಬಗ್ಗಿ, ಜಡೆ ಹಿಡಿದು ಹುಡುಗಿಯನ್ನು ಎಳೆದುಕೊಂಡಳು.

ಅಲ್ಲಿಂದ ದಿಬ್ಬ ಹತ್ತಿರ. ಅವಳು ದಿಬ್ಬ ಹತ್ತಿದಳು. ಹುಡುಗಿ ಕೆಮ್ಮಿ ನೀರು ಕಾರಿ ಅತ್ತದ್ದು ದಂಡೆಗೆ ಕೇಳಿಸಿತು. ನೆಗೆಣ್ಣಿ ಅವಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಜಾಲಿಯ ಬುಡದಲ್ಲಿ ನಿಂತಳು. ಬರಲಿಲ್ಲ. ಕಾಲ ಕೆಳಗೆ ನೋಡುತ್ತ ಬಹಳ ಹೊತ್ತು ನಿಂತಳು. ನಾನು ಕೂಗಲಿಲ್ಲ. ನೀರಿಗಿಳಿಯಲೂ ಇಲ್ಲ. ಇವಳು ಇನ್ನು ನನ್ನ ಮಗಳನ್ನು ಕೊಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು, ಕೇಳುವ ಬಾಯಿ ನನಗಿರಲಿಲ್ಲ.

ಆಮೇಲೆ ಬಂದಳು. ಅದೇ ಎಡ, ಅದೇ ಬಲ, ಅದೇ ಬದು. ದಂಡೆಗೆ ಬಂದು ಹುಡುಗಿಯನ್ನು ಇಳಿಸದೆ ಕುಳಿತು, ಒದ್ದೆ ಸೆರಗಿನಿಂದಲೇ ಅವಳ ತಲೆ ಒರೆಸತೊಡಗಿದಳು. ಆರು ವರ್ಷದ ಮೇಲೆ ಮಾತು ತೆಗೆದದ್ದು ಅವಳು, ನನ್ನ ಮುಖ ನೋಡದೆ.

"ನೀ ನಿಂದ ಮೊದಲ ಎತ್ತಿದ್ದು ನನಗ ಗೊತ್ತೈತಕ್ಕಾ. ನಾ ಏರಿ ಮ್ಯಾಲಿಂದ ನೋಡಾಕತ್ತಿದ್ದೆ."

ನಾನು ಅವಳ ಕಾಲಿಗೆ ಕೈ ಚಾಚಿದೆ.

"ಆವತ್ತ ಪಾಳಿ ನಂದಿತ್ತು," ಎಂದಳು. "ನಾ ಕುಂತಿದ್ರ ನಾನೂ ಮೊದಲ ನಂದ ಎತ್ತತಿದ್ದೆ. ಇಕಿ ಇರ್ತಿದ್ದಿಲ್ಲ."

ಅವಳ ಕೈ ನನ್ನ ಮಗಳ ಕೂದಲಲ್ಲಿ ಆಡುತ್ತಲೇ ಇತ್ತು. ಹುಡುಗಿ ಚಳಿಗೆ ನಡುಗುತ್ತ ಅವಳ ಕುತ್ತಿಗೆ ತಬ್ಬಿಕೊಂಡಿದ್ದಳು.

"ಬುತ್ತಿ ಬಿಚ್ಚು. ಕೂಸ ಹಸದೈತಿ," ಎಂದಳು ನೆಗೆಣ್ಣಿ.

ನಾನು ಬುತ್ತಿ ಬಿಚ್ಚಿದೆ. ರೊಟ್ಟಿ ಮುರಿದು ಮೊದಲ ತುತ್ತನ್ನು ಹುಡುಗಿಯ ಬಾಯಿಗೆ ಅವಳೇ ಇಟ್ಟಳು.